ಮಾಂಸ ಮೆದುವಾಗದಿದ್ದರೆ ತಪ್ಪು ಯಾರದು?

ಕಳೆದ ತಿಂಗಳ ಒಂದು ಸೋಮವಾರ, ಬೆಳಗಿನ ಬಲಿಪೂಜೆ ಮುಗಿಸಿ ನಾನು ಗುರುನಿವಾಸದ ಮೆಟ್ಟಲೇರುವಷ್ಟರಲ್ಲಿ ಜಗಲಿಯಲ್ಲಿ ಇಬ್ಬರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಳಿತಿದ್ದರು. ಒಬ್ಬರು ಹಿಂದಿನ ದಿನವಷ್ಟೇ ಮಗಳ ಪ್ರಥಮ ಪರಮಪ್ರಸಾದದ ಸಂಭ್ರಮವನ್ನು ಮನೆಯಂಗಳದಲ್ಲಿ ಏರ್ಪಡಿಸಿದ್ದ ಗೃಹಸ್ಥರು. ಇನ್ನೊಬ್ಬರು ನಮ್ಮ ಪೇಟೆಯಲ್ಲಿ ಹಂದಿಮಾಂಸದ ಅಂಗಡಿ ನಡೆಸುವವರು. ಇಬ್ಬರೂ ನನ್ನ ಧರ್ಮಕೇಂದ್ರದವರೇ, ಒಂದೇ ವಾಳೆಯವರು, ಹಬ್ಬಕ್ಕೆ ಒಬ್ಬರ ಮನೆಯ ಕುಸ್ವಾರ್ ಇನ್ನೊಬ್ಬರ ಮನೆಗೆ ಹೋಗುವಷ್ಟು ಹತ್ತಿರದವರು. ಅಂದು ಅವರಿಬ್ಬರ ನಡುವೆ ಇದ್ದದ್ದು ಹದಿನೆಂಟು ಕಿಲೋ ಹಂದಿಮಾಂಸದ ಬಾಕಿ ಹಣ.

ಗೃಹಸ್ಥರ ದೂರು ಸ್ಪಷ್ಟವಾಗಿತ್ತು. ಬಾಫಾತ್ ಮಾಡಿದ ಮಾಂಸ ಮೂರು ಗಂಟೆ ಬೇಯಿಸಿದರೂ ಹಲ್ಲಿಗೆ ಸಿಗಲಿಲ್ಲ. ಹೊರಗೆ ಹಿಟ್ಟಿನಂತೆ, ಒಳಗೆ ನಾರಿನಂತೆ. ಅತಿಥಿಗಳು ತುಂಡುಗಳನ್ನು ತಟ್ಟೆಯಂಚಿಗೆ ಸರಿಸಿ ಎದ್ದರು. ಸಾನ್ನಾಂ ಮಾತ್ರ ಖಾಲಿಯಾಯಿತು. ಆದುದರಿಂದ ಕೊಟ್ಟದ್ದು ಮುದಿ ಹೆಣ್ಣುಹಂದಿಯೇ ಸರಿ, ಉಳಿದ ಹಣ ಕೊಡುವುದಿಲ್ಲ. ಅಂಗಡಿಯವರ ದೂರು ಇದಕ್ಕಿಂತ ಆಳವಾಗಿತ್ತು. "ಪದ್ರಾಬ್, ಹಣ ಹೋದರೆ ಹೋಗಲಿ. ಮುದಿ ಹಂದಿ ಕೊಟ್ಟೆನೆಂದು ನಿನ್ನೆ ಇಗರ್ಜಿಯ ಅಂಗಳದಲ್ಲಿ ಹತ್ತು ಜನರ ಮುಂದೆ ಹೇಳಿದ್ದಾರೆ. ನಾಳೆಯಿಂದ ನನ್ನ ಅಂಗಡಿಗೆ ಯಾರು ಬರುತ್ತಾರೆ?" ಎಂದರು. ಅವರ ಕಣ್ಣು ತೇವವಾಗಿತ್ತು.

ಸೆಮಿನರಿಯಲ್ಲಿ ನಮಗೆ ತತ್ವಶಾಸ್ತ್ರವನ್ನು ಕಲಿಸಿದ ಗುರುಗಳು ಒಂದು ಮಾತನ್ನು ಪದೇಪದೇ ಹೇಳುತ್ತಿದ್ದರು: ಒಂದು ಕಾರ್ಯಕ್ಕೆ ಒಂದೇ ಕಾರಣ ಹುಡುಕುವುದು ಸೋಮಾರಿಗಳ ಲಕ್ಷಣ ಎಂದು. ಅರಿಸ್ಟಾಟಲನು ಪ್ರತಿಯೊಂದು ವಸ್ತುವಿಗೂ ನಾಲ್ಕು ಕಾರಣಗಳನ್ನು ಕೇಳುತ್ತಾನೆ: ಯಾವುದರಿಂದ ಆಯಿತು, ಯಾವ ರೂಪದಲ್ಲಿ, ಯಾರಿಂದ, ಯಾತಕ್ಕಾಗಿ. ಗಟ್ಟಿಯಾದ ಮಾಂಸಕ್ಕೂ ಈ ಪ್ರಶ್ನೆಗಳನ್ನು ಕೇಳಬಾರದೆಂದೇನೂ ಇಲ್ಲ. ನಾನು ಇಬ್ಬರಿಗೂ ಚಹಾ ತರಿಸಿ, ಫ್ರಿಜ್ಜಿನಲ್ಲಿ ಬೇಯಿಸದ ತುಂಡು ಏನಾದರೂ ಉಳಿದಿದೆಯೇ ಎಂದು ವಿಚಾರಿಸಿದೆ. ಅರ್ಧ ಕಿಲೋ ಉಳಿದಿತ್ತು. ತರಿಸಿದೆ. ಪಾದ್ರಿಗೇಕೆ ಈ ಉಸಾಬರಿ ಎಂದು ಕೆಲವು ಓದುಗರಿಗೆ ಅನಿಸೀತು. ಆದರೆ ಹಳ್ಳಿಯ ಮನೆಯೊಂದರಲ್ಲಿ ಏಳು ಮಕ್ಕಳ ನಡುವೆ ಬೆಳೆದವನು ನಾನು. ಮಸಾಲೆ ಅರೆಯುವ ತಾಯಿಯ ಬಳಿ ಕುಳಿತು ಬೆಳ್ಳುಳ್ಳಿ ಸುಲಿದ ಅನುಭವ ನನಗೆ ದೀಕ್ಷೆಗಿಂತ ಹಳೆಯದು.

ಮೊದಲ ಪ್ರಶ್ನೆ, ಯಾವ ಭಾಗ ಕೇಳಿದಿರಿ ಎಂಬುದು. ಗೃಹಸ್ಥರು ಹೆಮ್ಮೆಯಿಂದಲೇ ಹೇಳಿದರು: ಹಿಂದಿನ ತೊಡೆ ಮತ್ತು ಬೆನ್ನಿನ ಮಾಂಸ, ಎಲುಬಿಲ್ಲದ್ದು, ತೊಗಲಿಲ್ಲದ್ದು, ಚರ್ಬಿ ತೆಗೆದದ್ದು. ಅದಕ್ಕಾಗಿ ಕಿಲೋಗೆ ಹೆಚ್ಚು ಹಣವನ್ನೂ ಒಪ್ಪಿಕೊಂಡಿದ್ದರು. ದುಬಾರಿಯಾದದ್ದು ಒಳ್ಳೆಯದೇ ಇರಬೇಕೆಂಬ ಈ ನಂಬಿಕೆ ನಮ್ಮ ಸಮುದಾಯದಲ್ಲಿ ಈಗ ಬೇರೂರಿದೆ. ಇಲ್ಲಿಯೇ ಅರ್ಧ ತಪ್ಪು ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಹಂದಿಯ ದೇಹದಲ್ಲಿ ಕೆಲವು ಸ್ನಾಯುಗಳು ದಿನವಿಡೀ ದುಡಿಯುತ್ತವೆ, ಕೆಲವು ಹೆಚ್ಚು ದುಡಿಯುವುದಿಲ್ಲ. ನೆಲ ಕೆದಕುತ್ತಾ, ತಲೆ ತಗ್ಗಿಸಿ ಭಾರ ಹೊರುತ್ತಾ ಇರುವ ಮುಂಗಾಲಿನ ಹೆಗಲು ದುಡಿಯುವ ಭಾಗ. ಅಲ್ಲಿ ಸ್ನಾಯುವಿನ ಎಳೆಗಳನ್ನು ಕಟ್ಟಿ ಹಿಡಿಯುವ ಕೊಲಾಜೆನ್ ಎಂಬ ನಾರು ಹೆಚ್ಚು. ಎಳೆಗಳ ನಡುವೆ ಕೊಬ್ಬೂ ಸೇರಿಕೊಂಡಿರುತ್ತದೆ. ಬೆನ್ನೆಲುಬಿನ ಉದ್ದಕ್ಕೂ ಇರುವ ಮಾಂಸ ಹಾಗಲ್ಲ. ಅದರಲ್ಲಿ ನಾರೂ ಕಡಿಮೆ, ಕೊಬ್ಬೂ ಕಡಿಮೆ. ಹಸಿಯಾಗಿರುವಾಗ ಬೆನ್ನಿನ ಮಾಂಸವೇ ಮೆದು, ಹೆಗಲೇ ಗಟ್ಟಿ. ಆದರೆ ಬೆಂಕಿಯ ಮೇಲೆ ಕಥೆ ತಿರುಗುಮುರುಗಾಗುತ್ತದೆ. ನೀರಿನಂಶವಿರುವ ಪಾತ್ರೆಯಲ್ಲಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದರೆ ಕೊಲಾಜೆನ್ ಕರಗಿ ಜೆಲಟಿನ್ ಆಗುತ್ತದೆ. ಬೆರಳಿಗೆ ಅಂಟುವ ರಸ ಅದೇ. ಹೆಗಲಿನ ಮಾಂಸ ಬಾಯಲ್ಲಿ ಜಾರುವುದು ಆ ಜೆಲಟಿನ್‌ನಿಂದ. ಕರಗುವ ನಾರೇ ಇಲ್ಲದ ಬೆನ್ನಿನ ಮಾಂಸಕ್ಕೆ ಅಷ್ಟೇ ಬಿಸಿ ಕೊಟ್ಟರೆ ಅದರ ಎಳೆಗಳು ಸಂಕುಚಿಸಿ ನೀರನ್ನು ಹಿಂಡಿ ಹೊರಹಾಕುತ್ತವೆ. ಆ ಮೇಲೆ ಬೇಯಿಸಿದಷ್ಟೂ ಅದು ಒಣಗುತ್ತದೆ. ಬೆನ್ನಿನ ಮಾಂಸ ಬೇಗ ಹುರಿದು ಇಳಿಸುವ ಅಡುಗೆಗೆ ಹೇಳಿದ್ದು. ಗಂಟೆಗಟ್ಟಲೆ ಕುದಿಯುವ ಬಾಫಾತಿಗೆ ಅಲ್ಲ. ತೊಡೆ ಇವೆರಡರ ನಡುವಿನದು; ಚರ್ಬಿಯನ್ನೂ ತೊಗಲನ್ನೂ ಸುಲಿದು ಹಾಕಿದರೆ ಅದೂ ಬೆನ್ನಿನ ದಾರಿಯನ್ನೇ ಹಿಡಿಯುತ್ತದೆ.

ಬಾಫಾತಿಗೆ ಹೆಗಲು ಎರಡು ಪಾಲು, ಹೊಟ್ಟೆಯ ಭಾಗ ಒಂದು ಪಾಲು, ಜೊತೆಗೆ ಒಂದಿಷ್ಟು ಪಕ್ಕೆಲುಬು: ಇದು ನನ್ನ ತಾಯಿಯ ಲೆಕ್ಕ. ಹೊಟ್ಟೆಯ ಭಾಗದಲ್ಲಿ ತೊಗಲು, ಚರ್ಬಿ, ಮಾಂಸ ಪದರ ಪದರವಾಗಿರುತ್ತವೆ. ತೊಗಲಿನಲ್ಲಿ ಇರುವುದು ಬಹುಪಾಲು ಕೊಲಾಜೆನ್ನೇ. ಅದನ್ನು ಎಸೆದು ಬಳಿಕ ಸಾರು ಗಟ್ಟಿಯಾಗಲಿಲ್ಲವೆಂದು ಹಲುಬುವುದರಲ್ಲಿ ಅರ್ಥವಿಲ್ಲ. ಪ್ಲೇಟೋ ತನ್ನ 'ಫೀಡ್ರಸ್' ಸಂವಾದದಲ್ಲಿ ವಿಚಾರಗಳನ್ನು ವಿಂಗಡಿಸುವ ಕ್ರಮವನ್ನು ವಿವರಿಸುತ್ತಾ, ಸಹಜವಾದ ಸಂದುಗಳಲ್ಲಿ ಕತ್ತರಿಸಬೇಕೇ ಹೊರತು ಅನಾಡಿ ಕಟುಕನಂತೆ ಎಲ್ಲೆಂದರಲ್ಲಿ ಒಡೆಯಬಾರದು ಎಂಬ ಹೋಲಿಕೆಯನ್ನು ಕೊಡುತ್ತಾನೆ. ಈ ಪಾಠವನ್ನು ಓದಿದಾಗ ಇಪ್ಪತ್ತರ ಹರೆಯದ ನಾವೆಲ್ಲ ನಕ್ಕಿದ್ದೆವು. ಈಗ ಅಂಗಡಿಗಳಲ್ಲಿ ಎಲ್ಲ ಭಾಗವನ್ನೂ ಒಂದೇ ಗುಡ್ಡೆ ಮಾಡಿ ಕೊಚ್ಚಿ ಒಂದೇ ಚೀಲಕ್ಕೆ ತುಂಬುವುದನ್ನು ಕಂಡಾಗ ಆ ತತ್ವಜ್ಞಾನಿ ಸಂತೆಯನ್ನೂ ಚೆನ್ನಾಗಿ ನೋಡಿದ್ದನೆಂದು ತೋರುತ್ತದೆ. ಕೊಳ್ಳುವವರು ಭಾಗದ ಹೆಸರು ಹೇಳಿ ಕೇಳಬೇಕು. ಕೇಳದಿದ್ದರೆ ಅಂಗಡಿಯವರು ಕಲಿಯುವುದಾದರೂ ಹೇಗೆ?

ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ನನ್ನ ಬಾಲ್ಯದಲ್ಲಿ ಹಬ್ಬಕ್ಕೆ ನಾಲ್ಕಾರು ಮನೆಯವರು ಸೇರಿ ಒಂದು ಹಂದಿ ಕಡಿಸಿದರೆ ಪಾಲು ಹಾಕುವಾಗ ಪ್ರತಿ ಪಾಲಿನಲ್ಲೂ ಒಂದಿಷ್ಟು ಹೆಗಲು, ಒಂದಿಷ್ಟು ತೊಡೆ, ಚರ್ಬಿ, ಎಲುಬು, ಯಕೃತ್ತು ಇರುತ್ತಿತ್ತು. ಉಳ್ಳವನಿಗೂ ಇಲ್ಲದವನಿಗೂ ಒಂದೇ ಪಾಲು. ಹೃದಯ ಮತ್ತು ಕರುಳಿನಿಂದ ಕಾಲೀಜ್ ಆಂಕಿತಿ ಆಗುತ್ತಿತ್ತು, ಯಕೃತ್ತು ಸೊರ್ಪತೆಲ್‌ಗೆ ಹೋಗುತ್ತಿತ್ತು, ಕರಗಿಸಿದ ಚರ್ಬಿ ಡಬ್ಬ ಸೇರುತ್ತಿತ್ತು. ಈಗ ಹಣವಿದ್ದವರು ಫೋನಿನಲ್ಲಿ ಬೋನ್‌ಲೆಸ್ ಹೇಳಿಡುತ್ತಾರೆ. ಎಂಟು ಗಂಟೆಗೆ ಚೀಲ ಹಿಡಿದು ಬರುವ ಕೂಲಿಯವರಿಗೆ ತಲೆ, ಗೊರಸು, ಚರ್ಬಿ ಉಳಿಯುತ್ತದೆ. ಅವರು ಅದನ್ನು ಒಲೆಯ ಮೇಲೆ ನಿಧಾನವಾಗಿ ಬೇಯಿಸಿ ನಮಗಿಂತ ಮೆದುವಾದ ಅಡುಗೆ ಉಣ್ಣುತ್ತಾರೆಂಬುದು ಬೇರೆ ಮಾತು. ಆದರೆ ಪಾಲು ಹಾಕುವ ಆ ಪದ್ಧತಿ ಹೋದದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಎರಡನೆಯ ಪ್ರಶ್ನೆ, ಹೇಗೆ ನೆನೆಸಿದಿರಿ ಎಂಬುದು. ಮೂರಿಂಚಿನ ದಪ್ಪ ತುಂಡುಗಳು. ಎರಡು ಬಾಟಲಿ ವಿನೆಗರ್. ಮೆದುವಾಗಲೆಂದು ಅರೆದ ಹಸಿ ಪಪ್ಪಾಯಿ. ಬಾಫಾತ್ ಪುಡಿ, ಉಪ್ಪು. ಎಲ್ಲವನ್ನೂ ಕಲಸಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡೀ ರಾತ್ರಿ. ಹುಳಿ ಹೆಚ್ಚಾದಷ್ಟೂ ಮಾಂಸ ಮೆದುವಾಗುತ್ತದೆ, ಹೊತ್ತು ಹೆಚ್ಚಾದಷ್ಟೂ ಮಸಾಲೆ ಎಲುಬಿನವರೆಗೆ ಇಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಎರಡೂ ನಿಜವಲ್ಲ. ಹುಳಿ ಒಂದು ರಾತ್ರಿಯಲ್ಲಿ ಮಾಂಸದೊಳಕ್ಕೆ ಕೆಲವೇ ಮಿಲಿಮೀಟರಿನಷ್ಟು ಇಳಿಯುತ್ತದೆ. ಆ ಕೆಲವು ಮಿಲಿಮೀಟರಿನಲ್ಲಿ ತೀಕ್ಷ್ಣವಾದ ಹುಳಿ ಮಾಂಸವನ್ನು ಬಿಳಿಚಿಸಿ, ಬೆಂದ ಮೇಲೆ ಪುಡಿಪುಡಿಯಾಗಿಸುತ್ತದೆ. ಪಪ್ಪಾಯಿಯ ಹಾಲಿನಲ್ಲಿರುವ ಪಪೈನ್ ಕೂಡ ಮೇಲ್ಮೈಯಲ್ಲೇ ಕೆಲಸ ಮಾಡುತ್ತದೆ. ಅದರ ಚಟುವಟಿಕೆ ಜೋರಾಗುವುದು ಪಾತ್ರೆ 60, 70 ಡಿಗ್ರಿಗೆ ಬಿಸಿಯಾಗುವಾಗ. ಹೊರಗೆ ಹಿಟ್ಟು, ಒಳಗೆ ನಾರು ಎಂದು ಗೃಹಸ್ಥರು ಹೇಳಿದ್ದರಲ್ಲವೇ? ಆ ಹಿಟ್ಟು ಪಪ್ಪಾಯಿ ಮತ್ತು ವಿನೆಗರಿನ ಕೊಡುಗೆ.

ನಿಜವಾಗಿ ಒಳಕ್ಕೆ ಇಳಿಯುವುದು ಉಪ್ಪು. ಅದು ನಿಧಾನವಾಗಿ ಇಳಿದು ಸ್ನಾಯುವಿನ ಪ್ರೋಟೀನನ್ನು ಸ್ವಲ್ಪ ಸಡಿಲಗೊಳಿಸಿ, ಬೇಯುವಾಗ ನೀರನ್ನು ಹಿಡಿದಿಟ್ಟುಕೊಳ್ಳಲು ನೆರವಾಗುತ್ತದೆ. ಒಂದು ಕಿಲೋ ಮಾಂಸಕ್ಕೆ ಎರಡು ಚಹಾ ಚಮಚದಷ್ಟು, ಅಂದರೆ ಹತ್ತು ಹನ್ನೆರಡು ಗ್ರಾಂ ಉಪ್ಪು ಸಾಕು. ಮೆಣಸು, ಕೊತ್ತಂಬರಿ, ಜೀರಿಗೆ, ಲವಂಗಗಳ ಪರಿಮಳ ಹೊರಗೇ ನಿಲ್ಲುತ್ತದೆ. ಹಾಗಾದರೆ ಉಪಾಯ? ತುಂಡನ್ನು ಚಿಕ್ಕದಾಗಿಸುವುದು. ಒಂದಿಂಚಿನ ತುಂಡಿಗೆ ಮೂರಿಂಚಿನ ತುಂಡಿಗಿಂತ, ತೂಕಕ್ಕೆ ಹೋಲಿಸಿದರೆ, ಮೂರು ಪಟ್ಟು ಹೊರಮೈ ಇರುತ್ತದೆ. ಅಷ್ಟು ಮಸಾಲೆ ಹಿಡಿಯುತ್ತದೆ. ಕಿಲೋಗೆ ಎರಡು ಮೂರು ದೊಡ್ಡ ಚಮಚ ವಿನೆಗರ್, ಎರಡರಿಂದ ನಾಲ್ಕು ಗಂಟೆ. ರಾತ್ರಿಯಿಡೀ ಇಡಲೇಬೇಕಾದರೆ ಫ್ರಿಜ್ಜಿನಲ್ಲಿ. ನಮ್ಮ ಕರಾವಳಿಯ ಸೆಖೆಯಲ್ಲಿ ಅಡುಗೆಮನೆಯ ಮೂಲೆಯಲ್ಲಿಟ್ಟ ಮಾಂಸವನ್ನು ವಿನೆಗರ್ ಕಾಪಾಡುತ್ತದೆಂದು ಭಾವಿಸಬೇಡಿ. ಎರಡು ಗಂಟೆಗೂ ಮೀರಿ ಹೊರಗಿಡುವುದು ಅಪಾಯ. ಪಾತ್ರೆ ಮಣ್ಣಿನದೋ ಗಾಜಿನದೋ ಸ್ಟೀಲಿನದೋ ಆಗಿರಲಿ. ಹುಳಿ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ. ಮದುವೆಮನೆಯ ತಾಮ್ರದ ಪಾತ್ರೆಗೆ ಹಿರಿಯರು ಕಲಾಯಿ ಹಾಕಿಸದೆ ಒಲೆಗೇರಿಸುತ್ತಿರಲಿಲ್ಲ. ಅದೂ ಇದೇ ಕಾರಣಕ್ಕೆ.

ಹಾಗಾದರೆ ನಮ್ಮವರು ಇಷ್ಟೊಂದು ವಿನೆಗರ್ ಹಾಕುವ ರೂಢಿ ಎಲ್ಲಿಂದ ಬಂತು? ಗೋವೆಯಿಂದ. ಪೋರ್ಚುಗೀಸರು ಮಾಂಸವನ್ನು ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿಡುತ್ತಿದ್ದರು. ವಿನ್ಯಾ ದಾಲ್ಯೋಸ್ ಎಂಬ ಆ ಹೆಸರೇ ಗೋವೆಯಲ್ಲಿ ಶೇಂದಿಯ ವಿನೆಗರನ್ನೂ ಅವರೇ ತಂದ ಮೆಣಸಿನಕಾಯಿಯನ್ನೂ ಸೇರಿಸಿಕೊಂಡು ವಿಂದಾಲೂ ಆಯಿತು. (ಅದರಲ್ಲಿ ಆಲೂ ಎಂಬ ಸದ್ದು ಕೇಳಿ ಬಟಾಟೆ ಹಾಕುವ ಹೋಟೆಲಿನವರನ್ನು ದೇವರು ಕ್ಷಮಿಸಲಿ, ಅದು ಬೆಳ್ಳುಳ್ಳಿ.) ಆ ಕಾಲದಲ್ಲಿ ಹುಳಿಯ ಮುಖ್ಯ ಕೆಲಸ ಮಾಂಸವನ್ನು ಕೆಡದಂತೆ ಇಡುವುದು. ಮೆದು ಮಾಡುವ ಹೊಣೆಯನ್ನು ನಾವು ಆಮೇಲೆ ಅದರ ತಲೆಗೆ ಕಟ್ಟಿದೆವು. ಸೊರ್ಪತೆಲ್ ಮೂರನೆಯ ದಿನಕ್ಕೆ ರುಚಿಯೆಂದು ಅಜ್ಜಿಯಂದಿರು ಹೇಳುತ್ತಿದ್ದರು. ಅದು ಬೇಯಿಸಿದ ನಂತರದ ಮಾತು. ಪಕ್ಕದ ಕೊಡಗಿನವರನ್ನು ನೋಡಿ. ಪಂದಿ ಕರಿಗೆ ಅವರು ಹಾಕುವ ಕಾಚಂಪುಳಿ, ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸಿದ ಉಗ್ರವಾದ ಹುಳಿ. ಅದನ್ನು ಅವರು ಸಾಮಾನ್ಯವಾಗಿ ಸೇರಿಸುವುದು ಮಾಂಸ ಬೆಂದ ಮೇಲೆ, ಕೊನೆಗೆ, ಅಳತೆಯಿಂದ. ತೊಗಲು, ಚರ್ಬಿ ಅವರ ಪಾತ್ರೆಯಲ್ಲಿ ಇದ್ದೇ ಇರುತ್ತವೆ. ಅವರ ಪಂದಿ ಕರಿ ಗಟ್ಟಿಯಾಯಿತೆಂದು ಯಾರಾದರೂ ದೂರಿದ್ದನ್ನು ನಾನಂತೂ ಕೇಳಿಲ್ಲ.

ಬೇಯಿಸುವ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಬಾಫಾತಿಗೆ ನೀರು ಹೊಯ್ಯಬೇಕಾಗಿಲ್ಲ. ಮಾಂಸವೂ ನೀರುಳ್ಳಿಯೂ ಬಿಡುವ ನೀರೇ ಸಾಕು. ಒಮ್ಮೆ ಕುದಿ ಬಂದರೆ ಉರಿ ತಗ್ಗಿಸಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಂತೆ ಮುಚ್ಚಿ ಒಂದೂವರೆಯಿಂದ ಎರಡು ಗಂಟೆ ಬಿಡಬೇಕು. ಕೊತಕೊತ ಕುದಿಸಿದರೆ ಎಳೆಗಳು ಹಿಂಡಿಹೋಗುತ್ತವೆ. ಕುಕ್ಕರಿನಲ್ಲಿ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ. ನಾರು ಬೇಗ ಕರಗುತ್ತದೆ, ರಸವೂ ಬೇಗ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯುವ ತಾಯಂದಿರು ಕುಕ್ಕರ್ ಬಳಸಿದರೆ ನಾನು ಆಕ್ಷೇಪಿಸಲಾರೆ. ಹೆಗಲಿನ ಮಾಂಸವಾದರೆ ಅದನ್ನೂ ತಾಳಿಕೊಳ್ಳುತ್ತದೆ. ಆದರೆ ಭಾನುವಾರದ ಬಿಡುವಿನಲ್ಲೂ ಆತುರವೇಕೆ? ಸಂತ ತೋಮಸ್ ಅಕ್ವಿನಾಸರು ಹೊಟ್ಟೆಬಾಕತನದ ಐದು ಬಗೆಗಳನ್ನು ಎಣಿಸುವಾಗ ಅತಿಯಾಗಿ ತಿನ್ನುವುದರ ಜೊತೆಗೆ ಆತುರವನ್ನೂ, ಇದೇ ಬೇಕು ಅದೇ ಬೇಕೆಂಬ ನಾಜೂಕುತನವನ್ನೂ ಸೇರಿಸಿದ್ದಾರೆ. ಬೋನ್‌ಲೆಸ್ ಹಟಕ್ಕೆ ಯಾವ ಬಗೆ ಅನ್ವಯಿಸುತ್ತದೆಂದು ಓದುಗರೇ ನಿರ್ಣಯಿಸಲಿ.

ಹೃದ್ರೋಗವಿದೆ, ಚರ್ಬಿ ಬೇಡವೆಂದು ವೈದ್ಯರು ಹೇಳಿದ್ದಾರೆ ಎನ್ನುವವರಿದ್ದಾರೆ. ಅವರ ಮಾತು ನ್ಯಾಯವಾದುದೇ. ನಾನೂ ಮಾತ್ರೆ ನುಂಗುವವನು. ಚರ್ಬಿಯೊಡನೆ ಬೇಯಿಸಿ, ತಣ್ಣಗಾದ ಮೇಲೆ ಮೇಲೆ ಕಟ್ಟಿದ ಕೊಬ್ಬನ್ನು ಚಮಚದಿಂದ ತೆಗೆದರೆ ಬಹುಪಾಲು ಹೋಗುತ್ತದೆ. ಮಾಂಸ ಮೆದುವಾಗಿಯೇ ಉಳಿಯುತ್ತದೆ. ಎಂಟು ತುಂಡಿನ ಬದಲು ಮೂರು ತುಂಡು ತಿನ್ನುವುದೂ ಒಂದು ದಾರಿ. ಇನ್ನು ಮೆದುವಾಗಲೆಂದು ಅರೆಬೆಂದದ್ದನ್ನು ಇಳಿಸುವ ಹೊಸ ಫ್ಯಾಶನ್ ನಮಗೆ ಬೇಡ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡಿಯ ತುಂಡುಗಳಿಗೆ 63 ಡಿಗ್ರಿ ಮತ್ತು ಮೂರು ನಿಮಿಷದ ಬಿಡುವು ಸಾಕೆಂದು ಹೇಳಿರುವುದು ನಿಜ. ಅದು ತಪಾಸಣೆಯಾದ ಮಾಂಸದ ಮಾತು. ನಮ್ಮಲ್ಲಿ ಮನೆಬಾಗಿಲ ಚರಂಡಿಯಲ್ಲಿ ಅಲೆದ ಹಂದಿಯಲ್ಲಿ ಲಾಡಿಹುಳುವಿನ ಕೋಶಗಳಿರಬಹುದು. ಪೂರ್ತಿ ಬೇಯಿಸುವುದೇ ಕ್ಷೇಮ. ಅದೇ ಹುಳುವಿನ ಮೊಟ್ಟೆ ಕೊಳಕು ಕೈ, ತೊಳೆಯದ ಸೊಪ್ಪಿನ ಮೂಲಕ ಹೊಟ್ಟೆ ಸೇರಿದರೆ ಮಿದುಳಿಗೆ ತಗಲುವ ರೋಗ ಬರುತ್ತದೆ. ಮಾಂಸ ಮುಟ್ಟದವರಿಗೂ ಬರುತ್ತದೆ.

ಇಷ್ಟರವರೆಗೆ ಅಂಗಡಿಯವರ ಮುಖ ಅರಳುತ್ತಾ ಬಂದಿತ್ತು. ಆದರೆ ಉಳಿದ ಅರ್ಧ ಕಿಲೋ ನನ್ನ ಮುಂದಿನ ತಟ್ಟೆಯಲ್ಲಿತ್ತು. ಅದು ಮುದಿ ಹಂದಿಯದಲ್ಲವೆಂಬುದು ನೋಡಿದೊಡನೆ ತಿಳಿಯುತ್ತಿತ್ತು; ಮುದಿಯದಾಗಿದ್ದರೆ ಕಡುಕೆಂಪಾಗಿ, ಒರಟಾದ ಎಳೆಗಳಿಂದ ಕೂಡಿರುತ್ತಿತ್ತು. ಇದು ಬಿಳಿಚಿಕೊಂಡಿತ್ತು. ಬೆರಳಿಟ್ಟರೆ ತಗ್ಗು ಹಾಗೇ ಉಳಿಯುತ್ತಿತ್ತು. ತಟ್ಟೆಯ ತಳದಲ್ಲಿ ತೆಳ್ಳಗಿನ ನೀರು ನಿಂತಿತ್ತು. "ಈ ಹಂದಿ ಎಲ್ಲಿಂದ, ಹೇಗೆ ಬಂತು?" ಎಂದು ಕೇಳಿದೆ. ಅಂಗಡಿಯವರು ತಲೆ ತಗ್ಗಿಸಿದರು. ಶನಿವಾರ ಮಧ್ಯಾಹ್ನದ ಬಿಸಿಲಲ್ಲಿ, ತೆರೆದ ಟೆಂಪೋದಲ್ಲಿ, ಕಾಲು ಕಟ್ಟಿ, ಒಂದರ ಮೇಲೊಂದು ಹೇರಿ ಘಟ್ಟದಿಂದ ಇಳಿಸಿದ ಹಂದಿಗಳು. ಇಳಿಸಿದ ಗಳಿಗೆಯಲ್ಲೇ ಕಡಿದಿದ್ದರು.

ಜೀವಂತ ಸ್ನಾಯುವಿನ ಪಿಎಚ್ ಸುಮಾರು 7. ಕಡಿದ ಬಳಿಕ ಅದು ಹಲವು ಗಂಟೆಗಳಲ್ಲಿ ಮೆಲ್ಲಗೆ 5.6ರ ಆಸುಪಾಸಿಗೆ ಇಳಿಯಬೇಕು. ಅಷ್ಟರಲ್ಲಿ ದೇಹ ತಣ್ಣಗಾಗಿರುತ್ತದೆ. ಬೆದರಿ, ಬಸವಳಿದು ಬಂದ ಹಂದಿಯನ್ನು ಆ ಕ್ಷಣವೇ ಕಡಿದರೆ ದೇಹ ಇನ್ನೂ ಬಿಸಿಯಾಗಿರುವಾಗಲೇ, ಒಂದು ಗಂಟೆಯೊಳಗೆ, ಆಮ್ಲ ಅಷ್ಟೂ ಉತ್ಪತ್ತಿಯಾಗುತ್ತದೆ. ಬಿಸಿ ಮತ್ತು ಆಮ್ಲ ಸೇರಿ ಪ್ರೋಟೀನನ್ನು ಕೆಡಿಸುತ್ತವೆ. ಮಾಂಸ ಬಿಳಿಚಿ ನೀರು ಕಾರುತ್ತದೆ. ಹಂದಿಗೆ ನಮ್ಮಂತೆ ಬೆವರಿ ತಂಪಾಗುವ ಶಕ್ತಿ ಇಲ್ಲವೆಂಬುದು ಅನೇಕರಿಗೆ ತಿಳಿದಿಲ್ಲ. ನೀರು ಚಿಮುಕಿಸಿ, ನೆರಳಲ್ಲಿ ಕೆಲವು ಗಂಟೆ ಬಿಟ್ಟಿದ್ದರೆ, ಕಡಿದ ಮಾಂಸವನ್ನು ಒಂದು ರಾತ್ರಿ ತಣ್ಣಗೆ ತೂಗುಹಾಕಿದ್ದರೆ, ಈ ಜಗಳದ ಅರ್ಧ ಹುಟ್ಟುತ್ತಲೇ ಇರಲಿಲ್ಲ. "ಈಗಷ್ಟೇ ಕಡಿದದ್ದು" ಎಂಬುದು ನಮ್ಮ ಗಿರಾಕಿಗಳಿಗೆ ಪ್ರಿಯವಾದ ಮಾತು. ಆದರೆ ಕಡಿದ ಕೆಲವೇ ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ, ಮರುದಿನಕ್ಕೆ ಸಡಿಲುತ್ತದೆ. ಪ್ರಾಣಿಯನ್ನು ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಇದನ್ನು ಹೇಳಿದಾಗ ಅಂಗಡಿಯವರು, "ಎಲ್ಲರೂ ಹೀಗೇ ತರುವುದು, ಪದ್ರಾಬ್" ಎಂದರು. ನನಗೆ ಆ ಉತ್ತರ ಸಾಲಲಿಲ್ಲ. ಅದನ್ನು ಅವರಿಗೇ ಹೇಳಿದೆ.

ತೀರ್ಪು ಕೊಡುವ ಅಧಿಕಾರ ನನಗಿಲ್ಲ; ನನ್ನ ಅಭಿಪ್ರಾಯ ತಿಳಿಸಿದೆ. ಹೇಳಿದ ಭಾಗವನ್ನೇ ಹೇಳಿದ ತೂಕಕ್ಕೆ ಕೊಟ್ಟಿದ್ದಾರೆ, ಬಾಕಿ ಹಣ ಸಲ್ಲಬೇಕು. ನೀರಾಗಿ ಹೋದ ತೂಕಕ್ಕೆ ಎರಡು ಕಿಲೋ ಬೆಲೆ ಅವರು ಬಿಡಬೇಕು. ಮುದಿ ಹಂದಿ ಎಂದ ಮಾತನ್ನು ಆಡಿದ ಅಂಗಳದಲ್ಲೇ ಹಿಂದಕ್ಕೆ ಪಡೆಯಬೇಕು. ಹಣದ ಲೆಕ್ಕ ಅಂದೇ ಮುಗಿಯಿತು. ಮಾತನ್ನು ಹಿಂದಕ್ಕೆ ಪಡೆಯಲು ಎರಡು ಭಾನುವಾರ ಹಿಡಿಯಿತು. ಎರಡನೆಯ ಭಾನುವಾರ ದೊಡ್ಡ ಪೂಜೆಯ ಬಳಿಕ ಗೃಹಸ್ಥರು ವಾಳೆಯ ಗುರಿಕಾರರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಂಠ ಸ್ವಲ್ಪ ತಗ್ಗಿಸಿ, ಹೇಳಿಯೇಬಿಟ್ಟರು.

ಅಂಗಡಿಯ ಹಿಂಭಾಗದಲ್ಲಿ ಈಗ ತಗಡಿನ ಮಾಡು ಎದ್ದಿದೆ, ಕೆಳಗೊಂದು ನೀರಿನ ಕೊಳವೆ. ಟೆಂಪೋ ಇನ್ನೂ ಹಳೆಯದೇ, ಆದರೆ ಬರುವುದು ಹಿಂದಿನ ದಿನ, ಬಿಸಿಲು ಇಳಿದ ಮೇಲೆ. ಮುಂದಿನ ತಿಂಗಳು ಅದೇ ಗೃಹಸ್ಥರ ಮನೆಯಲ್ಲಿ ತಾಯಿಯ ಎಂಬತ್ತನೆಯ ಹುಟ್ಟುಹಬ್ಬ. ಹೆಗಲು, ಹೊಟ್ಟೆಯ ಭಾಗ ಸೇರಿಸಿ ಎಂಟು ಕಿಲೋ ಹೇಳಿಟ್ಟಿದ್ದಾರೆಂದು ಅಂಗಡಿಯವರೇ ನನಗೆ ತಿಳಿಸಿದರು. ತೊಗಲು ಇರಲೋ ಬೇಡವೋ ಎಂಬುದನ್ನು ಮಾತ್ರ ಆ ಮನೆಯವರು ಇನ್ನೂ ತೀರ್ಮಾನಿಸಿಲ್ಲವಂತೆ.